ಸಾವ್ಕಾರ್ರ, ಬ್ಯಾಟರಿ ಇತ್ತ ಹಿಡೀರಿ

...‘ದಾನವ್ವನ ಕೈ ಹಾಳಿ ಮಡಚಾಕಷ್ಟ ಹುಟ್ಟ್ಯಾವು, ಅಕ್ಷರ ಜೋಡಸಾಕಲ್ಲ.’ ನನಗ ನೀವ ಅಂದಿದ್ದು, ಹೌದಲ್ರಿ ಶಾಂತಯ್ಯ ಸಾವ್ಕಾರ್ರ? ನಾ ನಿಮ್ಮಲ್ಲಿ ಕೆಲಸಕ್ಕಿದ್ದಾಗ, ನಿಮ್ಮ ಪ್ರೆಸ್ಸಿನ ಬಾಗಲದಾಗ ನಿಂತು, ಅಚ್ಚಿನ ಮೊಳಿ ಜೋಡಸೂ ವೆಂಕಣ್ಣನ ಮುಂದ. ಹೂಂ, ಈಗ ಛತ್ತು ನೋಡಬ್ಯಾಡ್ರಿ. ನಿಮಗ ಛಲೋ ನೆನಪೈತಿ. ನನಗಂತೂ ಐತಿ. ಮರೀಬೇಕಂದ್ರ ಅಂಥಾ ಮಾತಿಗೆ ಪುರಸೊತ್ತು ಬೇಕು, ನನಗೆಲ್ಲಿ ಪುರಸೊತ್ತು?

ಈಗ ನೋಡ್ರಿ. ನಾ ಕಂಪ್ಯೂಟರಿನ ಹೊಟ್ಟಿ ಬಿಚ್ಚಿಕೊಂಡು ನೆಲಕ್ಕ ಕುಂತೇನಿ, ನೀವು ಬ್ಯಾಟರಿ ಬೆಳಕ ಹಿಡ್ಕೊಂಡು ನಿಂತೀರಿ! ಇಲ್ಲಿ... ಇನ್ನೊಂದೀಟ ಕೆಳಗ. ನನ್ನ ಮಾರಿ ಮ್ಯಾಲ ಅಲ್ರೀ, ಕಂಪ್ಯೂಟರ್ ಮ್ಯಾಲ! ನನ್ನ ಮಾರ್‍ಯಾಗ ಏನೂ ಕೆಟ್ಟಿಲ್ಲ.

ಏನಾತು ಅಂದ್ರ... ಏನೂ ಆಗಿಲ್ರಿ. ನಿನ್ನೆ ಧೂಳ ಹೊಡ್ಯಾಕಂತ ಬಿಚ್ಚಿದೆ. ಬರೇ ಧೂಳ. ಮತ್ತ ಮುಚ್ಚಿದೆ. ಮುಂಜಾನಿ ಎದ್ದು ಬಟನ್ ಒತ್ತಿದ್ರ ಒಳಗ ಫ್ಯಾನ್ ತಿರಗತೈತಿ, ಸ್ಕ್ರೀನ್ ಮಾತ್ರ ಕರ್‍ರಗ. ಮ್ಯಾಲ ಪೀಂ, ಪೀಂ, ಪೀಂ ಅಂತ ಕೂಗು ಬ್ಯಾರೆ. ಹಸದ ಕೂಸಿನ ಹಂಗ. ಕರೆಂಟ್ ಹೋಗಿ ಬಂತಲ್ಲ, ಅದಕ್ಕಿರಬೇಕು. ಇಲ್ಲಾ ಹಲ್ಲಿ. ಹಲ್ಲಿ ಹೋಗಿರತಾವ್ರಿ ಒಳಗ... ಯಾಕ ಹಂಗ ನೋಡ್ತೀರಿ? ಹಲ್ಲಿ ಹೋಗಬಾರದೇನು?

ಒಂದು ಸ್ಕ್ರೂ ಉಳೀತು, ಅದೂ ಖರೇ. ಎಲ್ಲೀದಂತ ತಿಳೀಲಿಲ್ಲ. ಮಿಕ್ಸರಿಗೆ ಹಾಕಿದೆ. ಮಿಕ್ಸರ್ ಈಗ ಮೊದಲಿಗಿಂತ ಛಲೋ ನಡದೈತಿ. ನಗಬ್ಯಾಡ್ರಿ! ನೀವು ನಕ್ರ ಬೆಳಕ ಅಳ್ಳಾಡತೈತಿ.

ಗೊತ್ತೈತ್ರಿ, ಗೊತ್ತೈತಿ. ನಿಮ್ಮ ಮೊಮ್ಮಗಳು ಸೌಮ್ಯಾನ ಲಗ್ನಪತ್ರಿಕಿ ಇದರಾಗ ಐತಿ. ನಾಳಿ ಮುಂಜಾನಿ ಧಾರವಾಡದ ಪ್ರೆಸ್ಸಿಗೆ ಮುಟ್ಟದಿದ್ರ ದೀಪಾವಳಿ ಆದಮ್ಯಾಲ ನೋಡೂಣು ಅಂದಾರ. ತುಳಸಿ ಲಗ್ನ ಆದಕೂಡಲೆ ನಿಮ್ಮ ಮನಿ ಲಗ್ನ. ಆಮ್ಯಾಲ ಅಚ್ಚಾಗೂದ್ಯಾವಾಗ, ಊರೂರಿಗೆ ಹಂಚೂದ್ಯಾವಾಗ? ಇವತ್ತ ನೋಡಿದ್ರ ಬನ್ನಿ ಹಬ್ಬ, ಗೋಕುಲ ರಸ್ತೆದಾಗ ರಿಪೇರಿ ಅಂಗಡಿ ಒಂದೂ ತೆರದಿಲ್ಲ. ಎಲ್ಲಾರೂ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅನ್ನಾಕ ಹೋಗ್ಯಾರ. ನಾವಿಬ್ರು ಇಲ್ಲಿ ತಗಡಿನಂಗ ಕುಂತೇವಿ.

ಇನ್ನೊಂದ ಕಡೆ ಇಟ್ಟಿಲ್ಲೇನು ಅಂತ ಕೇಳಾಕತ್ತೀರಿ ಕಣ್ಣಿಲೆ. ಇಟ್ಟಿಲ್ರಿ! ಪೆನ್‌ಡ್ರೈವ್ ಐತಿ. ಸಾಸಿವಿ ಡಬ್ಬ್ಯಾಗ ಜ್ವಾಕಿಯಿಂದ ಇಟ್ಟೇನಿ. ಪೆನ್‌ಡ್ರೈವ್ ಜ್ವಾಕಿ, ಒಳಗ ಖಾಲಿ.

ಇರ್ರಿ. ವೈರ್ ಕಿತ್ತೇನಿ, ಈಗ ಮುಟ್ಟಬಹುದು. ಈ ಉದ್ದನ್ನ ಪಟ್ಟಿ ಕಾಣತೈತಲ್ಲ, ಇದಕ್ಕ ರ್‍ಯಾಮ್ ಅಂತಾರ. ಕಂಪ್ಯೂಟರಿನ ನೆನಪಿನ ಶಕ್ತಿ. ಇದು ಸರಿಯಾಗಿ ಕೂಡದಿದ್ರ ತನ್ನ ಹೆಸರ ತನಗ ನೆನಪಾಗೂದಿಲ್ಲ, ಅದಕ್ಕ ಕೂಗತೈತಿ. ಇದನ್ನ ಹಿಂಗ ಎಬ್ಬಿಸಿ... ಬೆಳಕ ಇತ್ತಾಗ ಇರ್ಲಿ, ನೀವು ಅತ್ತಾಗ ನೋಡ್ರಿ. ಯಾಕಂದ್ರ? ನೀವು ನೋಡಿದ್ರ ನನ್ನ ಕೆಲಸ ಕೆಡತೈತಿ. ಮೊದಲಿಂದ್ಲೂ ಹಂಗ.

ಯಾರ ಕಲಿಸಿದ್ರು ಅಂದ್ರ? ಯಾರೂ ಇಲ್ಲ. ಪುಸ್ತಕ ಓದಿದೆ, ಫೋನಿನ್ಯಾಗ ನೋಡಿದೆ. ಓದೂದರ ಯಾರ ಕಲಿಸಿದ್ರು? ಸಾಲಿ ಬಿಟ್ಟಾಕಿ ನಾನು. ನಿಮ್ಮ ಪ್ರೆಸ್ಸಿನ ಮೂಲ್ಯಾಗ ಲಗ್ನಪತ್ರಿಕಿ ಕೆಟ್ಟ ಹಾಳಿ ಒಗೀತಿದ್ರಲ್ಲ, ಅವನ್ನ ಮನಿಗೆ ಒಯ್ದು ಒಂದೊಂದ ಅಕ್ಷರ ಕೂಡಿಸಿ ಓದಿದೆ. ನಾ ಓದಿದ ಮೊದಲನೇ ಸಾಹಿತ್ಯ ಅಂದ್ರ ‘ತಮ್ಮ ಸುಖಾಗಮನವನ್ನು ಬಯಸುವ’! ಬಾಳ ದಿನ ನಾನು ಎಲ್ಲಾ ಪುಸ್ತಕದ ಕಡೀಕ ಊಟದ ವ್ಯಾಳ್ಯಾ ಬರದಿರ್ತಾರ ಅಂತ ತಿಳದಿದ್ದೆ. ಅಂದ್ರ ನನಗ ಕಲಿಸಿದ್ದು ರದ್ದಿ. ನೀವಲ್ಲ. ಇದನ್ನ ನಾ ಎಲ್ಲಾರ ಮುಂದೂ ಹೇಳ್ತೇನಿ, ನಿಮ್ಮ ಮುಂದೂ ಹೇಳ್ತೇನಿ. ಶಾಂತಯ್ಯನವರ ಪ್ರೆಸ್ಸಿನಿಂದ ದಾನವ್ವ ಏನೂ ಕಲ್ತು ಬಂದಿಲ್ಲ.

ಆತು, ಕೂಡಿಸಿದೆ. ಒತ್ತಲೇನು? ಶಿವಾ...

ಪೀಂ, ಪೀಂ, ಪೀಂ. ಕೇಳಿದ್ರಿ? ಇದಕ್ಕ ನನ್ನ ಮ್ಯಾಲ ಸಿಟ್ಟೈತಿ.

‘ನಾ ಅವತ್ತ ಅಂದಿದ್ನಿಲ್ಲೋ’ ಅನ್ರಿ, ಮುಗದ ಹೋಗ್ಲಿ. ಇದು ಚಾಲೂ ಆಗಲಿಲ್ಲ ಅಂದ್ರ ನೀವು ಅಂದದ್ದ ಖರೇ ಆತು. ಇಷ್ಟ ವರ್ಷದ ಮ್ಯಾಲ ನನ್ನ ಬಾಗಲಕ್ಕ ಬಂದ್ರಿ, ‘ನೀನ ಮಾಡವಾ ಪತ್ರಿಕಿ’ ಅಂದ್ರಿ. ಅವತ್ತ ನಾ ಎಷ್ಟು ಬಿಗುವಿಲೆ ‘ನೋಡೂಣು, ಕೆಲಸ ಬಾಳ ಅದಾವು’ ಅಂದೆ! ಒಂದೂ ಇದ್ದಿಲ್ರಿ. ನೀವು ಹೋದ ಕೂಡಲೆ ಕುಂತೆ, ಊಟಾನೂ ಮಾಡ್ಲಿಲ್ಲ.

ಇನ್ನೊಂದ ಸಲ. ಪಟ್ಟಿ ತಗದೆ. ಈ ಹಳದಿ ಹಲ್ಲ ಅದಾವಲ್ಲ, ಇವನ್ನ ಸಾಲಿ ಹುಡುಗೂರ ರಬ್ಬರಿಲೆ ತಿಕ್ಕಬೇಕು. ಹಿಂಗ... ಹಿಂಗ. ಇದು ಕೂಡೂ ಸಂದ್ಯಾಗ ಒಣಾ ಬ್ರಶ್ ಆಡಿಸಬೇಕು. ಉಫ್... ಏನ್ರಿ? ಬೆಳ್ಳಗ ಏನ ಉದರಾಕತ್ತೈತಿ ಅಂದ್ರ... ಸುಣ್ಣ. ಗ್ವಾಡಿ ಸುಣ್ಣ. ಹಳೇ ಮನಿ ನೋಡ್ರಿ, ಉದರತೈತಿ. ಅತ್ತಾಗ ನೋಡ್ರಿ ಅಂದ್ರ ಇತ್ತಾಗ ನೋಡ್ತೀರಿ!

ಕಟ್ ಅಂತು. ಕುಂತತು. ವೈರ್ ಹಾಕ್ತೇನಿ. ಒತ್ತತೇನಿ...

ಕೂಗಲಿಲ್ಲ. ಕೂಗಲಿಲ್ರಿ! ತಡೀರಿ, ತಡೀರಿ... ಬೆಳಕ ಬಂತು. ಬಂತು! ನೋಡ್ರಿ, ಬಂತು! ಇದ ಫೈಲ್. ಇದ ಪತ್ರಿಕಿ. ‘ಚಿ. ಸೌ. ಸೌಮ್ಯಾ’... ಅಕ್ಷರ ಒಂದೂ ಹೋಗಿಲ್ಲ. ಹೇಳ್ರಿ ಈಗ, ಯಾವ ಕೈ ಯಾದಕ್ಕ ಹುಟ್ಟ್ಯಾವು? ಹೇಳ್ರಿ! ಪೆನ್‌ಡ್ರೈವ್ ತರ್ತೇನಿ ತಡೀರಿ, ಸಾಸಿವಿ ಸಮೇತ ತರ್ತೇನಿ...

ಸಾವ್ಕಾರ್ರ? ಸ್ಕ್ರೀನ್ ಇಲ್ಲೈತಿ. ಏನ ನೋಡಾಕತ್ತೀರಿ ಅಲ್ಲಿ?

ಅಯ್ಯ, ಕಂಪ್ಯೂಟರಿನ ಆ ಬಾಜೂದ ತಗಡು ಯಾಕ ತಗೊಂಡ್ರಿ? ಗ್ವಾಡಿ ಕಡೆ ಮಾರಿ ಮಾಡಿ ಇಟ್ಟಿದ್ದೆ ಅದನ್ನ. ತಿರಿವಬ್ಯಾಡ್ರಿ. ಕೆಳಗಿಡ್ರಿ. ಇಡ್ರೀ... ಕೈ ನೋಯ್ತಾವು ನಿಮ್ಮವು.

ತಿರಿವಿ ನೋಡೇ ಬಿಟ್ರಿ.

ಬೈರಿ ಬೇಕಾದ್ರ.

...ಹೂಂ. ಸುಣ್ಣಲ್ಲ. ವಿಭೂತಿ. ನಿನ್ನೆ ಖಂಡೇಪೂಜಿ ಇತ್ತಲ್ಲ, ಹತಾರ ಮಷಿನ್ ಪೂಜಿ ಮಾಡೂ ದಿನ. ಎಲ್ಲಾರೂ ಮ್ಯಾಲ ಹಚ್ತಾರ, ಮಂದಿಗೆ ಕಾಣೂ ಹಂಗ. ಮಷಿನ್ ಬಿಚ್ಚಿ, ಒರಸಿ, ಅದರ ಹೊಟ್ಟ್ಯಾಗ ಮೂರ ಬೆರಳ ಎಳದು ಮುಚ್ಚೂದು ಇಡೀ ಹುಬ್ಬಳ್ಳ್ಯಾಗ ಒಂದ ಪ್ರೆಸ್ಸಿನ ಪದ್ಧತಿ. ಯಾವ ಪ್ರೆಸ್ಸಂತ ನಾ ಹೇಳಂಗಿಲ್ಲ.

ಆ ಗೆರಿ ಎಣಸಬ್ಯಾಡ್ರಿ. ಹೌದು, ಒಂದರ ಮ್ಯಾಲ ಒಂದು ಅದಾವು. ಪ್ರತಿ ವರ್ಷದ್ದು. ಪ್ರತಿ ವರ್ಷ ತಗಡಿಗಷ್ಟ ಹಚ್ಚಿ ಮುಚ್ಚತಿದ್ದೆ, ಏನೂ ಆಗ್ತಿರಲಿಲ್ಲ. ಈ ಸಲ ಒಳಗ ನಿಮ್ಮ ಮನಿ ಪತ್ರಿಕಿ ಇತ್ತಂತ ಕೈ ಒಂದೀಟ ಮುಂದ ಹೋತು. ನೀರಾಗ ಕಲಸಿದ ವಿಭೂತಿ, ಸಿಕ್ಕ ಸಿಕ್ಕಲ್ಲಿ ಹಚ್ಚಿದೆ... ಪಾಪ, ಅದು ಕೂಗಲ್ದ ಏನ ಮಾಡೀತು?

ಕುಂದರ್ರಿ. ಹಂಗ ನಿಂತ ನೋಡಬ್ಯಾಡ್ರಿ ನನ್ನ.

ಮನಿ ನನ್ನ ಹೆಸರಿಲೆ ಐತಿ. ಎರಡ ಖೋಲಿ, ರಾಯಾಪುರದಾಗ. ಬಾಗಲ ಮ್ಯಾಲ ಬೋರ್ಡ್ ನನ್ನದು, ಈ ಕಂಪ್ಯೂಟರ್ ನನ್ನದು, ಕಪಾಟಿನ ತುಂಬ ಪುಸ್ತಕ ನನ್ನವು. ರೊಕ್ಕದ ಲೆಕ್ಕ ಎಂದೋ ತೀರೇತಿ. ಆದ್ರ ನೀವು ಪ್ರೆಸ್ ಮುಚ್ಚಿದ ದಿನ, ನಾಕ ಮಂದಿ ಹೊತ್ತು ಮಷಿನ್ ಹೊರಗ ತಂದ್ರಲ್ಲ, ನೀವು ಒಬ್ರ ಬಾಗಲ ಮುಂದಿನ ಪಾವಟಗಿ ಮ್ಯಾಲ ನಿಂತಿದ್ರಿ. ನಾ ರಸ್ತೆ ಆಚೆ ಚಹಾದ ಅಂಗಡಿ ಮುಂದ ಇದ್ದೆ. ನಿಮ್ಮ ಬಾಜೂಕ ಬರಲಿಲ್ಲ. ಇದೆಲ್ಲಾ ನನ್ನದ, ಯಾರ ಋಣಾನೂ ಇಲ್ಲ ಅನ್ನಾಕ ಅಷ್ಟು ಬೆಲಿ ಕೊಟ್ಟೇನಿ, ಸಾವ್ಕಾರ್ರ.