ಅಶ್ವತ್ಥಮ್ಮ ಕೇಳುತ್ತಿದ್ದ ಒಂದೇ ಪ್ರಶ್ನೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ನರಸಿಂಹಯ್ಯನವರೇ, ವಾರ್ಡನ್ ಮೇಡಂ ಅವರೇ, ನೆಲಮಂಗಲದ ಈ ಹಾಸ್ಟೆಲಿಗೆ ಇಪ್ಪತ್ತಾರು ವರ್ಷ ಅಡುಗೆ ಮಾಡಿ ಇಂದು ನಿವೃತ್ತರಾಗುತ್ತಿರುವ ಅಶ್ವತ್ಥಮ್ಮನವರೇ, ಊಟ ಯಾವಾಗ ಎಂದು ಹಿಂದೆ ತಿರುಗಿ ನೋಡುತ್ತಿರುವ ಸಭಿಕರೇ,

ನಾನು ಧನುಶ್ರೀ, ಬಿ.ಕಾಂ. ಮೊದಲ ವರ್ಷ. ಆರನೇ ಕ್ಲಾಸಿನಿಂದ ಇದೇ ಹಾಸ್ಟೆಲು. ಚೀಟಿ ಬರೆದುಕೊಂಡು ಬಂದಿದ್ದೇನೆ, ಅದನ್ನೇ ನೋಡಿಕೊಂಡು ಓದುತ್ತೇನೆ. ಸಾರಿ.

ಹೋದ ತಿಂಗಳು ಕಾಲೇಜಿನಲ್ಲಿ ನೆಟ್‌ವರ್ಕಿಂಗ್, ಅಂದರೆ ಕೆಲಸಕ್ಕಾಗಿ ಪರಿಚಯ ಬೆಳೆಸಿಕೊಳ್ಳುವುದರ ಬಗ್ಗೆ ಸೆಮಿನಾರ್ ಇತ್ತು. ಎರಡು ಗಂಟೆ, ಎಪ್ಪತ್ತು ಸ್ಲೈಡು. ನನಗೆ ನೆನಪಾದದ್ದು ಮಾತ್ರ ನಮ್ಮ ಅಡುಗೆಮನೆಯ ಹಿಂಬಾಗಿಲು. ಭಾನುವಾರ ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರಿಗೆ ಅಶ್ವತ್ಥಮ್ಮ ಅಲ್ಲಿ ಟೀ ಕೊಡುತ್ತಿದ್ದರು. ಎಷ್ಟು ಓದಿದ್ದೀರಿ ಎಂದು ಯಾರನ್ನೂ ಕೇಳಿದವರಲ್ಲ. "ನಿನ್ ಕೈಗೆ ಏನ್ ಬರುತ್ತಮ್ಮಾ?" ಅಷ್ಟೇ. ಸೋಂಪುರದ ಯಾವ ಫ್ಯಾಕ್ಟರಿಗೆ ಜನ ಬೇಕು, ಎಲ್ಲಿ ಟ್ರೈನಿಂಗ್ ಕೊಡುತ್ತಾರೆ, ಎಲ್ಲ ಅವರಿಗೆ ಗೊತ್ತು. ತರಕಾರಿ ಗಾಡಿಯವರು ಹೇಳುತ್ತಿದ್ದರು, ಕಂಪನಿ ಬಸ್ಸಿನ ಡ್ರೈವರುಗಳು ಹೇಳುತ್ತಿದ್ದರು, ಇಲ್ಲಿ ಓದಿ ಹೋದ ಅಕ್ಕಂದಿರು ಫೋನ್ ಮಾಡುತ್ತಿದ್ದರು. ತೂಬಗೆರೆಯ ಗೋಪಾಲಪ್ಪನವರಿಗೆ ಕಸಿ ಕಟ್ಟಲು ಬರುತ್ತದೆ ಎಂದು ತಿಳಿದ ಮರುವಾರ ಅವರು ಗಿಡದ ನರ್ಸರಿಯಲ್ಲಿ ಕೆಲಸಕ್ಕಿದ್ದರು. ಕಾಲೇಜಿನಲ್ಲಿ ಕೆಲಸ ಕೊಡಿಸುವ ಪ್ಲೇಸ್‌ಮೆಂಟ್ ಸೆಲ್ಲಿನವರು ಬೇಜಾರು ಮಾಡಿಕೊಳ್ಳಬಾರದು.

ನನ್ನ ಅಮ್ಮನನ್ನು ಮಾತ್ರ ಅಶ್ವತ್ಥಮ್ಮ ಆ ಪ್ರಶ್ನೆ ಕೇಳಲಿಲ್ಲ. ಏಕೆ? ಇದು ಚೀಟಿಯಲ್ಲಿಲ್ಲ.

ದೊಡ್ಡಬಳ್ಳಾಪುರದಲ್ಲಿ ನಮ್ಮದೇ ಎಂಟು ಮಗ್ಗ ಇವೆ ಎಂದು ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಒಂದೂ ಇರಲಿಲ್ಲ. ಅಮ್ಮ ಶಾಮಲಾ ಬೇರೆಯವರ ಮಗ್ಗಗಳಲ್ಲಿ, ಮುಗಿದ ಹಾಸಿನ, ಅಂದರೆ ಉದ್ದನೂಲಿನ, ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಸೇರಿಸಿ ಗಂಟು ಹಾಕುತ್ತಿದ್ದಳು. ಸಾವಿರಾರು ಗಂಟು. ನಾನು ಪಿಯುಸಿಗೆ ಬಂದ ವರ್ಷ ಆ ಮಗ್ಗಗಳು ನಿಂತವು. ನನ್ನ ಓದು ಬಿಡಿಸುವ ಮಾತು ಬಂತು. ಬೇರೆಯವರ ಅಮ್ಮಂದಿರು ಕೆಲಸಕ್ಕೆ ಸೇರುತ್ತಿದ್ದರು, ನಾನು ಎಂಟು ಮಗ್ಗದ ಯಜಮಾನಿಯ ಮಗಳಾಗಿ ಸುಮ್ಮನಿದ್ದೆ.

ನನ್ನನ್ನು ಕರೆದುಕೊಂಡು ಹೋಗಲು ಅಮ್ಮ ಬಂದ ಭಾನುವಾರ, ಅಶ್ವತ್ಥಮ್ಮನವರ ಕರಿಮಣಿ ದಾರ ಹರಿಯಿತು. ಅಮ್ಮ ಮಾತಾಡುತ್ತಲೇ ಎರಡು ತುದಿ ಸೇರಿಸಿದಳು. ಗಂಟಿನ ಮೇಲೂ ಮಣಿ ಸಲೀಸಾಗಿ ಜಾರಿತು. ಅಶ್ವತ್ಥಮ್ಮ ಆ ಬೆರಳುಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಇದು ಮಗ್ಗದ ಯಜಮಾನಿ ಕೈಯಲ್ಲ ಕಣೇ, ಕೆಲಸ್ದೋಳ ಕೈ. ಮೊದ್ಲೇ ಹೇಳಕ್ಕೆ ಏನಾಗಿತ್ತು ನಿಂಗೆ?"

ಆಮೇಲೆ ಅವರು ಒಂದು ದಿನವೂ ಆ ಮಾತೆತ್ತಲಿಲ್ಲ. ಯಾರಿಗೂ ಹೇಳಲಿಲ್ಲ.

ಇಲ್ಲೇ ಓದಿದ ಮಮತಕ್ಕ ಆಗ ಸೋಂಪುರದಲ್ಲಿ ಕಾರುಗಳಿಗೆ ವೈರು ಜೋಡಿಸುವ ಕಂಪನಿಯಲ್ಲಿದ್ದರು. ಅಶ್ವತ್ಥಮ್ಮ ಅವರಿಗೆ ಹೇಳಿ ಅಮ್ಮನನ್ನು ಹದಿನೈದು ದಿನದ ಟ್ರೈನಿಂಗಿಗೆ ಸೇರಿಸಿದರು. ಕೊನೆಯ ದಿನ ಆಫೀಸರು ಮಾರ್ಕ್ಸ್ ಕಾರ್ಡ್ ಕೇಳಿದರಂತೆ. "ಅದಿಲ್ಲ ಸಾರ್. ವೈರ್ ಕೊಡಿ, ಕಣ್ ಮುಚ್ಕೊಂಡು ಸೇರಿಸ್ತೀನಿ" ಅಂದಳಂತೆ ಅಮ್ಮ. ಸೇರಿಸಿದಳು. ಈಗ ಹೊಸಬರಿಗೆ ಟ್ರೈನಿಂಗ್ ಕೊಡುವವಳು ಅವಳೇ. ನನ್ನ ಓದು ನಿಲ್ಲದೆ ಉಳಿದದ್ದು ಆ ಕೆಲಸದಿಂದ.

ಅಮ್ಮ ಮೂರನೇ ಸಾಲಿನಲ್ಲಿದ್ದಾಳೆ. ಶಿಫ್ಟ್ ಮುಗಿಸಿ ಕಂಪನಿಯ ನೀಲಿ ಯೂನಿಫಾರ್ಮಿನಲ್ಲೇ ಬಂದಿದ್ದಾಳೆ. ಸೀರೆ ಉಟ್ಟುಕೊಂಡು ಬಾ ಎಂದು ಬೆಳಿಗ್ಗೆ ಫೋನಿನಲ್ಲಿ ನಾನೇ ಹೇಳಿದ್ದೆ. ಅದಕ್ಕೂ ಕ್ಷಮಿಸು ಅಮ್ಮ.

ಅಶ್ವತ್ಥಮ್ಮ, ಹೋದ ವಾರ ನೀವು ನನ್ನನ್ನೂ ಅದೇ ಪ್ರಶ್ನೆ ಕೇಳಿದಿರಿ. ಏನೂ ಬರಲ್ಲ ಅಂದೆ. ಆ ಸಲ ಸುಳ್ಳು ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ. ಈಗ ನೋಡಿ, ಚೀಟಿ ಯಾವಾಗಲೋ ಕೆಳಗೆ ಬಿದ್ದಿದೆ, ಆದರೂ ಮಾತು ನಿಂತಿಲ್ಲ, ಮೈಕು ಇನ್ನೂ ಕೈಯಲ್ಲಿದೆ.

ಇವತ್ತಿನ ಅಡುಗೆಯೂ ಅವರದೇ, ಬೇಡವೆಂದರೂ ಕೇಳಲಿಲ್ಲ. ಅದು ಆರುವ ಮೊದಲು ಮುಗಿಸುತ್ತೇನೆ. ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.