ಹಿಂದಿನ ಗಾಲಿ ಬಿಚ್ಚಿದ ದಿನ

ಈ ಬುಷ್, ಈ ಕಬ್ಬಿಣದ ಉಂಗುರ, ಬೈಕಿನ ಯಾವ ಕಡೀದ್ರೀ? ಚೈನಿನ ಕಡೀದಾ?... ಅಲ್ಲ. ಹಂಗಾದ್ರ ಬ್ರೇಕಿನ ಕಡೀದು. ಅದೂ ಅಲ್ಲಾ?! ಅಯ್ಯ, ಒಂದ್ಸಲ ಕಣ್ಣು ಬಡದ್ರ ಹೌದು, ಎರಡ್ಸಲ ಬಡದ್ರ ಅಲ್ಲ ಅಂತ ನಾವ ಮಾಡ್ಕಂಡಿದ್ದು. ನೀವು ಹಿಂಗ ಪಟಪಟ ಬಡದ್ರ ನಾ ಏನಂತ ತಿಳ್ಕಳ್ಳಿ?... ಹಾಂ. ಒಂದ್ಸಲ. ಬ್ರೇಕಿನ ಕಡೀದ. ಹಂಗ ನಿಧಾನಕ ಹೇಳ್ರಿ.

ಯಾಕ ನಗ್ತೀರಿ? ಅರ್ಧ ಬಾಯಾಗ ನಕ್ರೂ ನಗಿ ನಗೀನ! ಇಪ್ಪತ್ತು ವರ್ಷ ಕಂಪ್ಲಿ ಬಸ್‌ಸ್ಟ್ಯಾಂಡ್ ಮುಂದ ಗ್ಯಾರೇಜ್ ನಡಿಸಿದಾತನ ಹೆಂಡ್ತಿಗೆ ಪಾನಾ ಹಿಡಿಯಾಕ ಬರಲ್ಲ ಅಂತನಾ? ನೀವು ಯಾವಾಗ ಮುಟ್ಟಾಕ ಬಿಟ್ಟಿದ್ರಿ? "ಅನುಸೂಯಾ, ಸೆರಗು ಚೈನಿಗೆ ಸಿಗ್ತೈತಿ, ದೂರ ನಿಂದ್ರು." ನಿಂತೆ. ದೂರಾನ ನಿಂತೆ. ಲಕ್ವ ಹೊಡದು ನೀವು ಮಂಚ ಹಿಡದು ಏಳು ತಿಂಗಳಾತು, ಈಗ ನಾ ಹತ್ರ ಬರಬೇಕಾತು ನೋಡ್ರಿ.

ಬೆಳಗ್ಗೆ ಬಿಚ್ಚೂದು ಹೆಂಗೋ ಬಿಚ್ಚಿದೆ. ಆ ದೊಡ್ಡ ನಟ್ಟಿಗೆ ಪಾನಾ ಹಾಕಿ ಮ್ಯಾಲೆ ನಿಂತು ಕುಣದೆ, ನೋಡಿದ್ರಲ್ಲ! ಗಾಲಿ ಹೆಗಲ ಮ್ಯಾಲೆ ಹೊತ್ಕಂಡು ಹೋಗಿ ಪಂಚರ್ ಹಾಕಿಸ್ಕಂಡು ಬಂದೆ. ಒಂದು ಗೇಣು ಮೊಳಿ ರೀ, ನಾ ಕೆಲಸಕ್ಕ ಹೋಗೋ ರೈಸ್‌ಮಿಲ್ ಗೇಟಿನಾಗ ಚುಚ್ಚಿರಬೇಕು. ಈಗ ಕುಂದ್ರವಲ್ದು ಹಾಳಾದ್ದು... ಏನು? ಎಲ್ಲಿ ನೋಡ್ತೀರಿ, ರಬ್ಬರಾ? ಆ ರಬ್ಬರಿನ ಸಂದ್ಯಾಗ ಹಲ್ಲು ಕೂಡಬೇಕಾ? ತಡೀರಿ... ಇಲ್ಲ... ಇಲ್ಲ... ಹಾಂ! ಕೂಡ್ತು! ಕೇಳಿಸ್ತಾ ಟಕ್ ಅಂದಿದ್ದು?

ಇಂಥದ್ದಕ್ಕೆಲ್ಲಾ ಓಬಳೇಶಣ್ಣ ಇದ್ದಿದ್ರ... ಇಲ್ಲೇ ಊರಾಗ ಇದ್ದಿದ್ರ ಅಂದೆ. ಹಂಗ್ಯಾಕ ನೋಡ್ತೀರಿ? ಹೇಳಿನಲ್ಲ, ವಡ್ಡು ಕಡೆ ಫ್ಯಾಕ್ಟ್ರ್ಯಾಗ ಗಾಡಿ ರಿಪೇರಿ ಕೆಲಸ ಸಿಕ್ಕೈತಿ ಅವಂಗ, ಅಲ್ಲೇ ರೂಮ್ ಮಾಡ್ಯಾನ ಅಂತ... ಯಾಕ ಎರಡ್ಸಲ ಬಡದ್ರಿ? ಮೊನ್ನೆ ಸಂಡೂರು ಅಂದಿದ್ನಾ? ವಡ್ಡು ಸಂಡೂರು ತಾಲೂಕಾ ಅಲ್ಲೇನ್ರೀ! ಪೊಲೀಸರಂಗ ನೋಡ್ತೀರಪ. ಫೋನ್ ಮಾಡ್ತಾನ, ಅಲ್ಲಿ ಸಿಗ್ನಲ್ ಇಲ್ಲಂತ.

ನನಗೂ ಅವನ ನೆನಪಾಗ್ತೈತ್ರೀ. ನಿಮ್ಮ ಜತಿಗೆ ಅದಾ ಗ್ಯಾರೇಜಿನಾಗ ಅಷ್ಟು ವರ್ಷ ಕೈ ಎಣ್ಣಿ ಮಾಡ್ಕಂಡಾತ. ನೀವು ಬಿದ್ದ ಮ್ಯಾಲೆ ದಿನಾ ಸಂಜಿಗೆ ಬಂದು "ಲೇ ಜಡೆಪ್ಪಾ, ಏಳೋ" ಅಂತ ಮಗೂನಂಗ ಎತ್ತಿ ಕುರ್ಚ್ಯಾಗ ಕುಂದ್ರಿಸಿ, ಗಡ್ಡ ಕೆರದು, ಊರಿನ ಸುದ್ದಿ ಎಲ್ಲಾ ಹೇಳಿ ಹೋಗೋನು. ನನಗ ಕಾಲುವಿ ದಂಡಿ ಮ್ಯಾಲೆ ಗಾಡಿ ಹೊಡಿಯೂದು ಕಲಿಸಿದಾತನೂ ಅವನ. ಗಡ್ಡ ನೋಡ್ರಿ ಹೆಂಗ ಬೆಳದೈತಿ... ನಾಳೆ ನಾನಾ ಕೆರೀತೀನಿ.

ಏನು, ಫೋನಿನ ಕಡೆ ನೋಡ್ತೀರಿ? ಬ್ಯಾರೆ ಮೆಕ್ಯಾನಿಕ್‌ನ ಕರೀಬೇಕಾ? ಬ್ಯಾಡ. ಬ್ಯಾಡಂದ್ರ ಬ್ಯಾಡ. ಪಂಚರ್ ಅಂಗಡಿ ಮಲ್ಲಿಕಾರ್ಜುನ್ ಬರ್ತೀನಂದ, ನಾನಾ ಬ್ಯಾಡಂದೆ. ಬಂದೋರು ಸುಮ್ನ ಗಾಲಿ ಹಾಕಿ ಹೋಗ್ತಾರೇನು? ನಿಮ್ಮ ಹತ್ರ ಕುಂತು ಮಾತಾಡ್ತಾರ, ಬಾಯಿಗೆ ಬಂದಿದ್ದು ಹೇಳ್ತಾರ... ಏನಿಲ್ಲ. ನನಗ ಕಲೀಬೇಕಾಗೈತಿ, ಅಷ್ಟಾ.

ಈಗ ಇದನ್ನ ಬಿಗೀಲಾ? ಚೈನ್ ನೋಡಬೇಕಾ ಮೊದ್ಲು? ಎರಡೂ ಕಡೆ ಗೆರಿ ಒಂದಾ ಸಮ ಇರಬೇಕು... ಈ ಕಡೆ ಮೂರು. ಆ ಕಡೆ... ಮೂರು. ಸರಿ ಐತಿ ಅಲ್ಲ?

ಓಣ್ಯಾಗ ಯಾವುದೋ ಗಾಡಿ ಬಂತು. ಅವಂದಲ್ಲ ಬಿಡ್ರಿ, ಅವಂದು... 

ಅಲ್ಲ, ನೀವು ಬಾಗಲ ಕಡಿಗೆ ನೋಡ್ಲಾ ಇಲ್ಲ!

ನಿನ್ನೆನೂ ನೋಡ್ಲಿಲ್ಲ. ಗಾಡಿ ಸಪ್ಪಳಾದ್ರ ಸಾಕು, ಕುತ್ತಿಗಿ ಹೊಳ್ಳಿಸಿ ಹೊಳ್ಳಿಸಿ ನೋಡ್ತಿದ್ರಿ... ಯಾವಾಗ ಬಿಟ್ರಿ ನೋಡೂದು? ಸುಳ್ಳು ಹೇಳೂ ಗದ್ಲದಾಗ ನಾ ನಿಮ್ಮ ಮುಖಾನ ನೋಡಿಲ್ಲ.

ಗೊತ್ತೈತೇನು?... ರೀ. ಓಬಳೇಶಣ್ಣಂದು ಗೊತ್ತೈತೇನ್ರೀ ನಿಮಗ?

ಒಂದ್ಸಲ.

ಅಯ್ಯೋ ಶಿವನಾ... ಹೌದ್ರೀ. ಹೋದ. ಇವತ್ತಿಗೆ ಹನ್ನೊಂದು ದಿನ. ಗ್ಯಾರೇಜ್ ಮುಂದ ಕುಂತು ಚಾ ಕುಡೀತಿದ್ನಂತ, ಎದಿ ಹಿಡ್ಕಂಡ್ನಂತ. ಹೊಸಪೇಟಿಗೆ ಒಯ್ಯೂದ್ರಾಗ... ದಾರ್ಯಾಗನ ಮುಗೀತು. ನಿಮ್ಮ ಡಾಕ್ಟ್ರು ಏನಂದಿದ್ರು? ಇವ್ರಿಗೆ ಇನ್ನೊಂದು ಪೆಟ್ಟು ಬಿದ್ರ ತಡ್ಯಂಗಿಲ್ಲಮ್ಮ ಅಂದಿದ್ರು. ಅದಕ್ಕ ನಾನು... ಅದಕ್ಕಾ ರೀ.

ಆವತ್ತಾ ಗೊತ್ತಾತೇನು? ಹಲಗಿ ಸಪ್ಪಳ ಕೇಳಿಸ್ತಾ? ನಾ ಟಿವಿ ಜೋರು ಮಾಡಿದ್ದೆ... ಯಾರೋ ಮುದುಕ್ರು ಹೋದ್ರಂತ ಅಂದಿದ್ದೆ... ಮರುದಿನ ದಿಂಬು ತೊಯ್ದಿತ್ತು. ಜೊಲ್ಲು ಅಂದ್ಕಂಡು ಬದಲಿಸಿದೆ ನಾನು. ದಿನಾ ಬದಲಿಸಿದೆ!

ಹಂಗಾದ್ರ ಅದೂ ಕೇಳಿರಬೇಕು ನೀವು.

ಎರ್ರೆಮ್ಮ ನಮ್ಮ ಬಾಗಲ ಮುಂದ ನಿಂದ್ರಿಸಿದ್ಲು ರೀ, ಗಂಡನ ಹೆಣಾನ. "ಅಕ್ಕಾ, ಜಡೆಪ್ಪಣ್ಣನ್ನ ಹೊರಗ ತರ್ರಿ, ಗೆಣೆಕಾರನ್ನ, ಜೀವದ ಗೆಳೆಯನ್ನ, ಒಂದ್ಸಲ ನೋಡ್ಲಿ" ಅಂತ ಅತ್ಗಂತ ಕೈಮುಗದ್ಲು. ನಾಲ್ಕು ಮಂದಿ ಇದ್ರು, ಮಂಚಾನ ಎತ್ಕಂಡು ಬರ್ತಿದ್ರು. ಹತ್ತು ಹೆಜ್ಜಿ ಇರಲಿಲ್ಲ. ನಾನು... ನಾನು ಬಾಗ್ಲು ಹಾಕ್ಕಂಡೆ.

ಕೇಳಿತ್ತಾ? ಅಕಿ ಬಾಗ್ಲು ಬಡದದ್ದು ಕೇಳಿತ್ತಾ? ನಾ ಚಿಲಕ ಹಾಕಿದ್ದು?...

ಬ್ಯಾಡ್ರಿ. ಕಣ್ಣು ಮುಚ್ಚಬ್ಯಾಡ್ರಿ. ಬೈಯ್ರಿ, ಎಷ್ಟರ ಬೈಯ್ರಿ, ಆದ್ರ ಕಣ್ಣು ತಕ್ಕಂಡು ಬೈಯ್ರಿ. ಹಿಂಗ ಮುಚ್ಚಿದ್ರ ನೀವು ಏನಂದ್ರಿ ಅಂತ ನನಗ ಹೆಂಗ ತಿಳೀಬೇಕು?... ರೀ... ತಗೀರಿ ಕಣ್ಣು...