ಮೂರನೇ ಸಲಕ್ಕೆ ಹಸಿರು

ಅಮಾನತಾಗಿ ವಿಚಾರಣೆಗೆ ಹೊರಟಿದ್ದ ನರ್ಸ್‌ಗೆ ಬಸ್ಸಿನ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಅಕ್ಕಾ, ನಮ್ಮ ಸಾಫ್ಟ್‌ವೇರಿನ ಬಟನ್ನನ್ನ ಕಂಪ್ಯೂಟರೇ ಒತ್ತಿ ನೋಡೋ ಆ ಟೆಸ್ಟ್ ಇವತ್ತೂ ಫೇಲಾಗಿ ಕೆಂಪು ಬಂತು."

"ಮತ್ತೆ ಓಡಿಸ್ಬೇಕಿತ್ತು."

"ಓಡಿಸ್ದೆ. ಮೂರನೇ ಸಲಕ್ಕೆ ಹಸಿರಾಯ್ತು."

"ಮತ್ತೇನು ನಿನ್ನ ಗೋಳು? ಪರದೆ ಟೆಸ್ಟುಗಳು ಗೋಸುಂಬೆ ಜಾತಿ ಕಣೆ, ಗಳಿಗೆಗೊಂದು ಬಣ್ಣ. ಅದಕ್ಕೇ ಮೂರು ಸಲದಲ್ಲಿ ಒಂದ್ಸಲ ಹಸಿರಾದ್ರೂ ಪಾಸ್ ಅಂತ ಮಾಡಿಟ್ಟಿರೋದು."

"ತಪ್ಪು ಟೆಸ್ಟಿನದ್ದಲ್ಲ ಅಕ್ಕಾ. ಪರದೆ ತಯಾರಾಗೋ ಮುಂಚೆನೇ ಬಟನ್ ಕಾಣಿಸತ್ತೆ. ಆಗ ಒತ್ತಿದ್ರೆ ಬಟನ್ ಬಣ್ಣ ಬದಲಾಗತ್ತೆ, ಬೆಲ್ ಹೊಡೆಯಲ್ಲ."

"ಯಾವ ಬಟನ್?"

"ಆಸ್ಪತ್ರೆದು. ರೋಗಿ ಮಲಗಿದ್ದಲ್ಲಿಂದ ನರ್ಸನ್ನ ಕರೆಯೋದು."

ನರ್ಸ್ ಕೈಚೀಲವನ್ನು ಅವುಚಿಕೊಂಡಳು. ಇವಳ ವಾರ್ಡಿನಲ್ಲಿ ಸಾಯುವ ಮುಂಚೆ ತಾಯಿ ಬಟನ್ ಒತ್ತಿದ್ದರೆಂದು ಮಗಳೊಬ್ಬಳು ಆಣೆಯಿಟ್ಟಿದ್ದಳು. ಬೆಲ್ ಹೊಡೆಯಲೇ ಇಲ್ಲವೆಂದು ಇವಳೂ ಆಣೆಯಿಟ್ಟಿದ್ದಳು. ಆಸ್ಪತ್ರೆಯವರು ಮಗಳನ್ನು ನಂಬಿದ್ದರು.

"ಯಾರಿಗಾದ್ರೂ ಹೇಳಿದ್ಯಾ?"

"ನಿಮಗೇ ಮೊದಲು."

"ನನಗೇ ಕೊನೆ ಆಗ್ಲಿ. ಮೂರು ಸಲದ ಉಪಾಯ ನಂದು. ನನ್ನ ಕುತ್ತಿಗೆಗೇ ಬರತ್ತೆ."

"ಹಾಸಿಗೆ ಹಿಡಿದವರಿಗೆ ಮೂರು ಸಲ ಒತ್ತೋ ತ್ರಾಣ ಎಲ್ಲಿರತ್ತೆ ಅಕ್ಕಾ?"

"ಬಾಯಿ ಮುಚ್ಚು. ಸ್ಟಾಪ್ ಬಂತು, ಇಳಿ."

ಇಬ್ಬರೂ ಇಳಿದರು. ನರ್ಸ್ ಜನರನ್ನು ತಳ್ಳಿಕೊಂಡು ಬರುವಷ್ಟರಲ್ಲಿ ಬಾಗಿಲು ಮುಚ್ಚಿ ಬಸ್ಸು ಹೊರಟಿತು. "ನಿಲ್ಸಿ" ಎಂದು ಕೂಗಿದಳು. ಬಸ್ಸು ನಿಲ್ಲಿಸಲೆಂದು ಕಂಬದ ಮೇಲಿದ್ದ ಬಟನ್ನನ್ನು ಒತ್ತಿದಳು, ಮತ್ತೆ ಮತ್ತೆ ಒತ್ತಿದಳು.

ಪ್ರತಿ ಸಲವೂ ಬೆಲ್ ಹೊಡೆಯಿತು. ಬಸ್ಸು ನಿಲ್ಲಲಿಲ್ಲ.